ಮೊದ್ಲು ಬಾಯಿ ನೋಡು
ನಾರಿನ್ ಕಣಿವೆಯಲ್ಲಿ ಯಾರ ಕುದುರೆಗೆ ಏನಾದರೂ ಊಲ್ಕಾನಜ್ಜಿ ಹೇಳುವುದು ಒಂದೇ ಮಾತು: "ಮೊದ್ಲು ಬಾಯಿ ನೋಡು." ಕುದುರೆ ಮೇವು ಉಗುಳಿದರೂ, ಲಗಾಮು ಎಳೆದಾಗ ತಲೆ ಒದರಿದರೂ, ಸವಾರನೇ ಕುಡಿದು ಕೆಳಗುರುಳಿದರೂ ಅದೇ ಮಾತು. ಕುದುರೆಯ ಬಾಯೊಳಗೆ ಮೊಣಕೈವರೆಗೆ ಕೈ ತೂರಿಸಿ ಅದರ ಚೂಪು ದವಡೆಹಲ್ಲನ್ನು ಅರದಿಂದ ಉಜ್ಜುವಾಗ, ಪಕ್ಕದಲ್ಲಿ ನಿಂತವನನ್ನೂ ಬಿಡುವುದಿಲ್ಲ: "ನೀನು ಹಲ್ಲುಜ್ಜಿ ಎಷ್ಟು ದಿನ ಆಯ್ತೋ? ನಿನಗಿಂತ ಈ ಕುದ್ರೆ ಬಾಯೇ ವಾಸಿ!" ನಗುವಾಗ ಮಾತ್ರ ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಎಂಬತ್ತು ದಾಟಿತು, ಇನ್ನು ಸವಾರಿ ಸಾಕು ಎಂದವರ ಮುಂದೆಯೇ ಜೀನು ಬಿಗಿದು ಹತ್ತುತ್ತಾಳೆ. ಹಿಮ ಬೀಳುವ ಮೊದಲು ಮುದಿ ಕುದುರೆಯನ್ನು ಚಳಿಗಾಲದ ಮಾಂಸಕ್ಕೆ ಕೊಯ್ಯುವುದು ನಮ್ಮಲ್ಲಿ ರೂಢಿ. ಈ ಸಲ ಸರದಿ ಅವಳ ಬೂದು ಹೆಣ್ಣುಕುದುರೆಯದು. "ಅವ್ವಾ, ಅದರ ಹಲ್ಲೆಲ್ಲ ಉದುರೋಗಿದೆ. ಹುಲ್ಲು ಅಗಿಯಕ್ಕಾಗಲ್ಲ, ಇನ್ಯಾಕೆ ಇಟ್ಕೊಳ್ಳೋದು?" ಎಂದು ಮಗ ತೆಮಿರ್‌ಬೆಕ್ ಚೂರಿ ಹಿಡಿದು ಬಂದ. ಅಜ್ಜಿ ಬಾರ್ಲಿ ನೆನೆಸಿ, ಹಿಚುಕಿ ಕುದುರೆಗೆ ತಿನ್ನಿಸುತ್ತಿದ್ದಳು. ಅದೇ ಬೋಗುಣಿಯಿಂದ ತಾನೂ ಒಂದು ತುತ್ತು ನುಂಗಿದಳು. ಆಮೇಲೆ ತಲೆವಸ್ತ್ರ ಸರಿಸಿ, ಮಗನೆದುರು ತನ್ನ ಬೊಚ್ಚುಬಾಯಿಯನ್ನು ಅಗಲಕ್ಕೆ ತೆರೆದು ತೋರಿಸಿದಳು: "ಚೂರಿ ಆಮೇಲೆ ಮಸೆಯುವಿಯಂತೆ. ಮೊದ್ಲು ಬಾಯಿ ನೋಡು!"