ಶೀಟಿ ಊದಿದರೂ ಇಳಿಯದ ಪರದೆ

ಹೊನ್ನಾಳಿಯ ಹೊಳೆದಂಡೆಯ ಟೆಂಟಿನಲ್ಲಿ ಇನ್ನೂ ಮಬ್ಬುಗತ್ತಲೆ. ನಾಟಕ ಕಂಪನಿಯ ಮಂದಿಯೆಲ್ಲ ಮುಸುಕೆಳೆದು ಮಲಗಿದ್ದಾರೆ. ಮೌಲಾಸಾಬರು ಮಾತ್ರ ಬೆಳಗಿನ ನಮಾಜು ಮುಗಿಸಿ, ಪರದೆಯ ಹಗ್ಗವನ್ನು ಗೇಣುಗೇಣಾಗಿ ಬೆರಳಲ್ಲಿ ಸವರುತ್ತ ಎಳೆ ಎಲ್ಲಿ ಸವೆದಿದೆ ಎಂದು ಹುಡುಕುತ್ತಿದ್ದಾರೆ. ಇಬ್ಬನಿಗೆ ಹಗ್ಗ ಉಬ್ಬಿದರೆ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದಂತೆ.

ಕೆರೆಬಿಳಚಿಯ ಈ ಮನುಷ್ಯ ಹಗ್ಗ ಹಿಡಿದು ಇಪ್ಪತ್ತೆರಡು ವರ್ಷ. ಆಟವೊಂದಕ್ಕೆ ಹದಿನಾಲ್ಕು ಪರದೆ, ಏರಿಸಿ ಇಳಿಸಿ ನಲವತ್ತು ಸಲ. ಮಹಾಯುದ್ಧ ಶುರುವಾದ ಮೇಲೆ ಹೊಸ ಬಟ್ಟೆ ಕನಸಿನ ಮಾತು, ತೇಪೆ ಹಾಕುವ ಕೆಲಸವೂ ಇವರ ತಲೆಗೇ ಬಿದ್ದಿದೆ. ಕಂಪನಿಯ ಹ್ಯಾಂಡ್‌ಬಿಲ್ಲಿನಲ್ಲಿ ತಬಲದವನ ಹೆಸರೂ ಇದೆ, ಇವರದಿಲ್ಲ.

"ಶೀಟಿ ಕೇಳಿದ ಕೂಡ್ಲೆ ಕೈ ಬಿಡಬೇಕ್ರಿ. ಆಟ ನೋಡಾಕೆ ನಿಂತ್ರೆ ಕೆಲ್ಸ ಕೆಡ್ತೈತೆ" ಎನ್ನುತ್ತಾರೆ.

ಆ ನೇಮ ಮುರಿದದ್ದು ಒಂದೇ ಸಲ, ಹೋದ ತಿಂಗಳು ನ್ಯಾಮತಿ ಕ್ಯಾಂಪಿನಲ್ಲಿ. 'ತಾಯಿಯ ತೀರ್ಪು' ನಾಟಕದ ಕೊನೆಗೆ ತಾಯಿ ಪಾತ್ರದ ಕಸ್ತೂರಮ್ಮ ಸತ್ತ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಶೀಟಿ ಕೇಳಿತು, ಪರದೆ ಇಳಿಯಲಿಲ್ಲ. ಆಡುವ ಮಾತೆಲ್ಲ ಮುಗಿದಿತ್ತು. ದಿಕ್ಕು ತೋಚದೆ ಆಕೆ ಮಗನ ಮುಖ ಸವರುತ್ತ ಕೂತರು. ಜನ ಉಸಿರು ಬಿಗಿಹಿಡಿದರು.

ಮಾಲೀಕ ದಾಸಪ್ಪನವರು ಕೆಂಡಾಮಂಡಲವಾಗಿ, ಈ ಕ್ಯಾಂಪು ಮುಗಿದೊಡನೆ ಗಂಟುಮೂಟೆ ಕಟ್ಟು ಎಂದರು. ಆದರೆ ನಾಟಕಗಳ ಬಗ್ಗೆ ವಾರಪತ್ರಿಕೆಗೆ ಬರೆಯುವ ನ್ಯಾಮತಿಯ ಮಹೇಶ್ವರಪ್ಪ ಮೇಷ್ಟ್ರು, 'ಮಾತಿಲ್ಲದ ಆ ಗಳಿಗೆಯೇ ನಾಟಕದ ಜೀವ' ಎಂದು ಆ ವಾರದ ಸಂಚಿಕೆಯಲ್ಲೇ ಕೊಂಡಾಡಿದರು. ಗಾಳಿ ಬಂದಾಗ ತೂರಿಕೊಳ್ಳುವುದು ದಾಸಪ್ಪನವರಿಗೆ ಯಾರೂ ಕಲಿಸಬೇಕಿಲ್ಲ. "ಇನ್ಮೇಲೆ ದಿನಾ ಈ ಸೀನಿಗೆ ಶೀಟಿ ಆದ್ಮೇಲೆ ಇಪ್ಪತ್ತು ಎಣಿಸಿ ಕೈ ಬಿಡಪ್ಪಾ" ಎಂದುಬಿಟ್ಟರು.

ಈ ಉಪಾಯ ಯಾರದೆಂದು ಕೇಳಲು ಮೇಷ್ಟ್ರು ಇವತ್ತು ಬೆಳಕು ಹರಿಯುವಷ್ಟರಲ್ಲೇ ಹೊನ್ನಾಳಿಗೆ ಬಂದಿದ್ದಾರೆ. ಎದ್ದು ಬಂದ ಕಸ್ತೂರಮ್ಮ ಉತ್ತರ ಕೊಡುತ್ತಾರೆ. "ಉಪಾಯ ಎಲ್ಲಿಂದ ಬಂತ್ರೀ? ಅದು ಮೌಲಣ್ಣನ ಸಂಕಟ."

ಆ ಆಟಕ್ಕೆ ಎಂಟು ದಿನ ಮೊದಲು ಮೌಲಾಸಾಬರ ಹನ್ನೊಂದು ವರ್ಷದ ಮಗ ಖಾಜಾ ಚಳಿಜ್ವರದಲ್ಲಿ ತೀರಿಕೊಂಡಿದ್ದ. ಸುದ್ದಿ ತಲುಪಿ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ಕಾದು, ಇವರು ಕೆರೆಬಿಳಚಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಮೇಷ್ಟ್ರ ಮುಖ ಬಾಡುತ್ತದೆ. ತಂದೆಯೊಬ್ಬನ ದುಃಖವನ್ನು ಕಲೆಯ ಜಾಣತನವೆಂದು ಹೊಗಳಿದ್ದಕ್ಕೆ ಅವರಿಗೆ ನಾಚಿಕೆಯಾಗಿದೆ.

"ಮುಂದಿನ ವಾರ ಜಗಳೂರು ಕ್ಯಾಂಪು. ಅಲ್ಲಿ ಇದು ಬ್ಯಾಡ ಅಂತ ನಾನೇ ಮಾಲೀಕ್ರಿಗೆ ಹೇಳ್ತೀನಿ" ಎನ್ನುತ್ತಾರೆ ಕಸ್ತೂರಮ್ಮ. "ದಿನಾ ಇವರ ಕರುಳು ಕಿತ್ತು ನಾವು ಚಪ್ಪಾಳೆ ಹೊಡಿಸ್ಕೊಳ್ಳೋದಾ?"

ಮೌಲಾಸಾಬರು ಹಗ್ಗವನ್ನು ಕೆಳಗಿಡುತ್ತಾರೆ.

"ಹಂಗೆ ಹೇಳಬ್ಯಾಡ್ರಮ್ಮ. ನನ್ ಮಗನ ಮಕ ನಾನು ನೋಡ್ಲಿಲ್ಲ. ನೀವು ಆ ಪಾತ್ರದೋನ ಮಕ ಸವರೋವಾಗ ಖಾಜಾನ್ನ ನೋಡಿದಂಗೆ ಆಗ್ತೈತೆ. ಅವತ್ತು ಪರದೆ ಬಿಟ್ರೆ ಆ ಮಕಾನೂ ಮುಚ್ಚಿ ಹೋಗ್ತೈತಲ್ಲ ಅಂತ ಕೈ ಬರ್ಲಿಲ್ಲ."

ಆಮೇಲೆ ಮೇಷ್ಟ್ರ ಕಡೆ ತಿರುಗಿ, ಎಂದೂ ಯಾರನ್ನೂ ಏನೂ ಬೇಡದ ಮನುಷ್ಯ ತಗ್ಗಿದ ದನಿಯಲ್ಲಿ ಕೇಳುತ್ತಾರೆ.

"ನೀವು ಬರೆದ್ರೆ ಮಾಲೀಕ್ರು ಕೇಳ್ತಾರ್ರೀ. ಇಪ್ಪತ್ತು ಸಾಕಾಗಲ್ಲ. ಮೂವತ್ತು ಎಣಿಸಾಕೆ ಬಿಡ್ಲಿ ಅಂತ ಬರೀರಿ."