ಮೊದಲ ನೀರಿನ ಕೆಂಪು ತೊಟ್ಟ ಆಳು

ಬಣ್ಣದಕ್ಕನ ಮುತ್ತಜ್ಜ ತಾಮ್ರದ ಹಂಡೆಯೊಂದನ್ನು ಹೆಗಲ ಮೇಲೆ ಹೊತ್ತು ಈ ಕಡೆಗೆ ಬಂದವನು. ದಾರಿಯಲ್ಲಿ ಹೊಳೆ ಉಕ್ಕಿತ್ತಂತೆ. ಹೆಂಡತಿಯನ್ನು ಹಂಡೆಯೊಳಗೆ ಕೂರಿಸಿ ತೇಲಿಸಿಕೊಂಡು ದಾಟಿದನಂತೆ. ಹಂಡೆಯ ಗಾತ್ರ ನೋಡಿದವರು ಯಾರೂ ಇದನ್ನು ಸುಳ್ಳೆಂದಿಲ್ಲ. ಅಜ್ಜ ಬೇರು ಕುಟ್ಟಿ ಬೇಯಿಸಿ ಉಣ್ಣೆಗೆ ಕೆಂಪು ಹತ್ತಿಸುವುದರಲ್ಲಿ ಎತ್ತಿದ ಕೈ. ಅಜ್ಜಿ ನೀಲಿ ಹಂಡೆಯ ನೀರನ್ನು ನಾಲಿಗೆಯ ತುದಿಗೆ ಮುಟ್ಟಿಸಿ "ಇನ್ನೂ ಎರಡು ದಿನ" ಎಂದರೆ ಮೂರನೆಯ ದಿನ ಬೆಳಗ್ಗೆ ನೀಲಿ ಹದಕ್ಕೆ ಬಂದಿರುತ್ತಿತ್ತು. ಅಪ್ಪ ಉಣ್ಣೆ ಗಿರಣಿಯ ಬಣ್ಣದ ಮನೆಯಲ್ಲಿ ಮೇಸ್ತ್ರಿ. ಮಾಲೀಕ ತರಿಸಿದ ಕಳಪೆ ಪುಡಿಯಲ್ಲಿ ಒಂದು ತುಂಡು ಬಟ್ಟೆ ಅದ್ದಿ, ಮೂರು ವಾರ ಬಿಸಿಲಿಗೆ ತೂಗುಹಾಕಿ, ಮಾಸಿದ್ದನ್ನು ಮಾಲೀಕನ ಮೇಜಿನ ಮೇಲೆ ಮಡಿಸಿಟ್ಟು, ತುಟಿ ಬಿಚ್ಚದೆ ಆಚೆ ಬಂದ ಆಸಾಮಿ.

ಇಂಥವರ ಮಗಳು ಬಣ್ಣದಕ್ಕ. ಅದೇ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ಮೊಣಕೈವರೆಗೂ ಬಣ್ಣ ಹತ್ತಿಸಿಕೊಂಡು ದುಡಿದಳು. ನಿವೃತ್ತಿಯ ಮೇಲೆ ಸುಮ್ಮನೆ ಕೂರಲಾರದೆ ಬೊಂಬೆಗಳಿಗೆ ಬಂದಳು. ಬೊಂಬೆಯೆಂದರೆ ಮಕ್ಕಳ ಆಟದ್ದಲ್ಲ. ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಲೋಹದ ಸೈನಿಕರು. ಬೆಳೆದ ಗಂಡಸರು ಹೆಂಗಸರು ಮೇಜಿನ ಮೇಲೆ ದಂಡು ಹೂಡಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಯುದ್ಧವಾಡುತ್ತಾರೆ. ಆ ಆಟದ ಸಂಘದ ಮೇಷ್ಟ್ರೊಬ್ಬರು ಆರು ವರ್ಷದ ಹಿಂದೆ ಡಬ್ಬಿಯೊಂದನ್ನು ಹಿಡಿದುಕೊಂಡು ಬಂದರು. ಸಾವಿರ ವರ್ಷದ ಹಿಂದೆ ಉದ್ದ ದೋಣಿಗಳಲ್ಲಿ ಬಂದು ದಡದ ಊರುಗಳನ್ನು ದೋಚುತ್ತಿದ್ದ ವೈಕಿಂಗರ ದಂಡು ಅದರಲ್ಲಿತ್ತು. ಆ ಕಾಲದ ಉಣ್ಣೆಗೆ ಎಂಥ ಬಣ್ಣ ಕೂತಿದ್ದೀತು ಎಂಬುದು ಅವರ ಪ್ರಶ್ನೆ.

"ಈಗ ಹಚ್ಚಿರೋದು ಯಾರು?"

"ನಾನೇ."

"ಸರ್ಕಸ್ಸಿನವರು ಅಂದ್ಕೊಂಡೆ. ಇಷ್ಟು ಕಪ್ಪು ಆಗ ರಾಜನಿಗೂ ಸಿಕ್ಕಿರಲಾರದು ಮೇಷ್ಟ್ರೇ. ಬಿಟ್ಟು ಹೋಗಿ, ನೋಡೋಣ."

ಅವಳ ಕ್ರಮ ಗಟ್ಟಿಯಾಗಿತ್ತು. ಬೇರು ಬೆಂದ ಹಂಡೆಗೆ ಮೊದಲು ಇಳಿದ ಉಣ್ಣೆಗೆ ದಟ್ಟ ಕೆಂಪು, ಅದು ಮೊದಲ ನೀರು. ಅದೇ ಹಂಡೆಗೆ ಆಮೇಲೆ ಇಳಿದದ್ದಕ್ಕೆ ಇಟ್ಟಿಗೆಯ ಬಣ್ಣ, ಎರಡನೆ ನೀರು. ಮೂರನೆಯದಕ್ಕೆ ಸಿಗುವುದು ಸೋತ ಗುಲಾಬಿ. ಹಾಗಾಗಿ ನಾಯಕನ ಮೇಲಂಗಿಗೆ ಮೊದಲ ನೀರು, ಸ್ವಂತ ಹೊಲವಿದ್ದ ಭಟರಿಗೆ ಎರಡನೆಯದು, ಅವರ ಮಕ್ಕಳಿಗೆ ಮೂರನೆಯದು. ಗಂಟು ಹೊರುವ ಆಳುಗಳಿಗೆ ಬಣ್ಣವೇ ಇಲ್ಲ. ಕುರಿಯ ಮೈಮೇಲೆ ಹೇಗಿತ್ತೋ ಹಾಗೇ ಬೂದು, ಕಂದು. ಕಿಟಕಿಯ ಪಕ್ಕದ ಮೇಜಿನ ಮೇಲೆ ಪುಟ್ಟ ಶೀಷೆಗಳು ಸಾಲಾಗಿ ನಿಂತಿರುತ್ತಿದ್ದವು. ಯಾವುದರ ಮೇಲೂ ಚೀಟಿಯಿಲ್ಲ. ಅವಳ ಕಣ್ಣೇ ಚೀಟಿ.

ಕಣ್ಣು ಹದ್ದಿನದು, ಕೈ ಮಾತ್ರ ಎರಡು ವರ್ಷದಿಂದ ಅದುರುತ್ತಿತ್ತು. ಉಸಿರು ಬಿಗಿಹಿಡಿದು, ಎರಡು ಅದುರುಗಳ ನಡುವಿನ ಬಿಡುವಿನಲ್ಲಿ ಕುಂಚ ಊರುತ್ತಿದ್ದಳು. ಗುರಾಣಿಯ ಅಂಚು ಕೊಂಚ ಅಲೆಯಾಗುತ್ತಿತ್ತು. ಅದಕ್ಕೆ ಅವಳು ಸೊಪ್ಪು ಹಾಕಿರಲಿಲ್ಲ.

ಈ ಸಲ ಸಂಘದ ಪ್ರದರ್ಶನಕ್ಕೆ ಅವಳ ನಲವತ್ತು ಬೊಂಬೆಗಳ ದಂಡು ಹೋಗಬೇಕಿತ್ತು, ಶನಿವಾರಕ್ಕೆ. ದಂಡಿನ ಮುಂದೆ ಇಡುವ ಕಾರ್ಡಿಗೆ ಅವಳು ಸಹಿ ಹಾಕಬೇಕು. ಕಾರ್ಡಿನಲ್ಲಿ ಅಚ್ಚಾಗಿದ್ದದ್ದು ಒಂದೇ ಸಾಲು: ಇಲ್ಲಿನ ಪ್ರತಿ ಬೊಂಬೆಗೂ ಬಣ್ಣ ಹಾಕಿದ್ದು ನಾನೊಬ್ಬಳೇ.

ಸೋಮವಾರ ಬೆಳಗ್ಗೆ ಈಟಿ ಹಿಡಿದವನೊಬ್ಬನನ್ನು ಎತ್ತಿ ನೋಡಿದಳು. ಗುರಾಣಿಯ ಅಂಚು ನಾಣ್ಯದ ಅಂಚಿನಷ್ಟು ದುಂಡಗಿತ್ತು. ಅಂಥ ಗೆರೆ ತನ್ನ ಕೈಯಿಂದ ಬಂದು ಎಷ್ಟು ಕಾಲವಾಯಿತೆಂದು ಅವಳಿಗೆ ಗೊತ್ತಿತ್ತು. ಬೇರೆ ಯಾರದೋ ಕೈ ಇದರ ಮೇಲೆ ಆಡಿತ್ತು.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ತಮ್ಮ. ತಮ್ಮ ಕೈಗಡಿಯಾರ ರಿಪೇರಿಯವನು. ಅಂಗಡಿ ಬಿಟ್ಟುಕೊಟ್ಟ ಮೇಲೂ ಮುಂದಿನ ಕೋಣೆಯಲ್ಲಿ ಹಳೆಯ ಗಿರಾಕಿಗಳ ಗಡಿಯಾರ ಬಿಚ್ಚಿಕೊಂಡು ಕೂರುತ್ತಿದ್ದ. ಚಹಾ ಕುಡಿಯುವಾಗ ಅವಳು ವಿಷಯ ತೆಗೆದಳು.

"ಭಾನುವಾರ ಮೇಷ್ಟ್ರು ಫೋಟೊ ತೆಗೀತೀನಿ ಅಂತ ಅರ್ಧ ಗಂಟೆ ಒಬ್ಬರೇ ಕೂತಿದ್ರಲ್ಲ, ನೀನು ಒಳಗೆ ಹೋಗಿ ನೋಡಿದ್ಯಾ?"

"ಅವರು ಪಾಪ ಫೋಟೊ ತೆಗೆದ್ರು, ಹೋದ್ರು."

"ಹೋಗ್ವಾಗ ನನ್ನ ಕೈ ನೋಡಿದ್ರು. ಸಂಘಕ್ಕೆ ಹೊಸಬರೊಬ್ಬರು ಬಂದಿದಾರೆ, ಗೆರೆ ಬಹಳ ಚೆನ್ನಾಗಿ ಎಳೀತಾರೆ ಅಂದ್ರು. ಕೇಳದೇ ಇದ್ದ ಮಾತು ಯಾಕೆ ಹೇಳಿದ್ರು?"

"ನಿನಗೆ ಪೋಸ್ಟ್‌ಮನ್ ನಕ್ಕರೂ ಅನುಮಾನ ಅಕ್ಕಾ."

"ಅವನು ನಕ್ಕಾಗೆಲ್ಲಾ ಕಾಗದ ತಡವಾಗೇ ಬಂದಿದೆ."

ತಮ್ಮ ನಗಲಿಲ್ಲ. ಚಹಾ ಮುಗಿಯುವ ಮೊದಲೇ ಎದ್ದುಹೋದ.

ಮಂಗಳವಾರ ಊಟವಾದ ಮೇಲೆ ಎಂದಿನಂತೆ ಒಂದು ಗಳಿಗೆ ಮಲಗುವ ಮುನ್ನ ತಲೆಯಿಂದ ನರೆಗೂದಲೊಂದನ್ನು ಕಿತ್ತು, ಬೊಂಬೆಗಳ ಡಬ್ಬಿಯ ಮುಚ್ಚಳದ ಮೇಲೆ ಬೇಕೆಂದೇ ಸೊಟ್ಟಗೆ ಇಟ್ಟಳು. ಎದ್ದು ಬಂದು ನೋಡಿದಾಗ ಕೂದಲು ಅಲ್ಲೇ ಇತ್ತು. ಆದರೆ ಮುಚ್ಚಳದ ಅಂಚಿಗೆ ಸರಿಸಮನಾಗಿ, ಹನ್ನೆರಡರ ಮೇಲೆ ನಿಂತ ಮುಳ್ಳಿನ ಹಾಗೆ ನೆಟ್ಟಗಿತ್ತು. ಮೇಷ್ಟ್ರು ಅಂದು ಈ ಬೀದಿಯ ಕಡೆಗೇ ಬಂದಿರಲಿಲ್ಲ.

ಆದರೂ ಇದರಲ್ಲಿ ಮೇಷ್ಟ್ರ ಕೈವಾಡವಿಲ್ಲವೆಂದು ಮನಸ್ಸು ಒಪ್ಪಲಿಲ್ಲ. ಹಿತ್ತಿಲ ಬಾಗಿಲ ಚಿಲಕ ನೋಡಿದಳು. ನೆಲ ಒರೆಸಲು ಬರುವವಳನ್ನು ನಿಲ್ಲಿಸಿ, ಯಾರಾದರೂ ನಿನಗೆ ಏನಾದರೂ ಹೇಳಿಕೊಟ್ಟಿದ್ದಾರಾ ಎಂದು ಕೇಳಿದಳು. "ನಂಗೆ ಮನೇಲಿ ಗೋಡೆಗೆ ಸುಣ್ಣ ಹೊಡೆಯಕ್ಕೇ ಬಿಡುವಿಲ್ಲ ಬಣ್ಣದಕ್ಕ" ಎಂದು ಆಕೆ ಬಕೆಟ್ ಎತ್ತಿಕೊಂಡು ಹೋದಳು.

ಬುಧವಾರ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ, ನಲವತ್ತನ್ನೂ ಬಿಸಿಲಿಗೆ ಹಿಡಿದು ಒಂದೊಂದಾಗಿ ನೋಡಿದಳು. ಎಂಟರ ಅಂಚುಗಳು ಅವಳವಲ್ಲ. ಒಂಬತ್ತನೆಯದು ಹಿಂದಿನ ಸಾಲಿನಲ್ಲಿ ಬೆನ್ನು ಬಾಗಿಸಿ ಮೂಟೆ ಹೊತ್ತ ಆಳು. ಅವನ ಬೂದು ಅಂಗಿ ಈಗ ದಟ್ಟ ಕೆಂಪಾಗಿತ್ತು. ಮೂಟೆ ಹೊರುವವನಿಗೆ ಮೊದಲ ನೀರು.

ಮೇಷ್ಟ್ರು ಪುಸ್ತಕ ಓದಿದವರು, ಆರು ವರ್ಷದಿಂದ ಅವಳ ಮೂರು ನೀರಿನ ಲೆಕ್ಕ ಕೇಳಿದವರು. ಅವರು ಕನಸಿನಲ್ಲೂ ಇಂಥ ತಪ್ಪು ಮಾಡುವವರಲ್ಲ. ಇದು ಹಿತ್ತಾಳೆ ಉಕ್ಕು ಬಿಟ್ಟು ಬೇರೆ ಬಣ್ಣ ಕಾಣದವನ ಕೆಲಸ.

ಎರಡು ಶೀಷೆ ಹಿಡಿದು ಮುಂದಿನ ಕೋಣೆಗೆ ಹೋದಳು. ತಮ್ಮ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ.

"ಇದೇನು ಬಣ್ಣ ಹೇಳು."

"ಕೆಂಪು."

"ಇದು?"

"ಅದೂ ಕೆಂಪೇ ಅಲ್ವಾ?"

ಆಳನ್ನು ಅವನ ಮುಂದೆ ನಿಲ್ಲಿಸಿದಳು. ತಮ್ಮ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

"ಮೇಷ್ಟ್ರು ಹೇಳಿ ಮಾಡಿಸಿದ್ರಾ?"

"ಇಲ್ಲ."

"ಆಣೆ?"

"ಇಲ್ಲ ಅಂದ್ನಲ್ಲಕ್ಕಾ. ನೀನು ಮಲಗಿದ್ದಾಗ ನಾನೇ ಮಾಡಿದ್ದು. ಅವನ ಸೊಂಟಪಟ್ಟಿ ಗೆರೆ ಸ್ವಲ್ಪ ಆಚೆ ಹೋಗಿತ್ತು. ಸರಿಮಾಡಕ್ಕೆ ಹೋದೆ, ಕಲೆ ಆಯ್ತು. ಮುಚ್ಚೋಣ ಅಂತ ಕೈಗೆ ಸಿಕ್ಕಿದ ಶೀಷೆ ತಗೊಂಡೆ."

"ನಾಯಕನಿಗೆ ಸಿಗೋ ಕೆಂಪು ಇವನಿಗೆ ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ? ಯಜಮಾನನ ಪೆಟ್ಟಿಗೆಯಿಂದ ಕದ್ದ ಅಂತ ಹೇಳ್ಲಾ?"

"ಮೊನ್ನೆ ನೀನು ಒಂದು ಅಂಚಿಗೆ ಐದು ಸಲ ಕೂತೆ. ಅಲ್ಲಿ ಜನ ನೋಡಿ ನಗಬಾರದು ಅಂತ..."

"ನಕ್ಕರೆ ನನ್ನ ನೋಡಿ ನಗಲಿ. ಈಗ ಸಹಿ ಹಾಕಿದ್ರೆ ನಾನು ಸುಳ್ಳಿ."

ಒಂಬತ್ತು ಬೊಂಬೆಗಳನ್ನೂ ಬಣ್ಣ ಬಿಡಿಸುವ ನೀರಿನ ಬಟ್ಟಲಿಗೆ ಹಾಕಿದಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ, ದುಂಡನೆಯ ಅಂಚುಗಳನ್ನೆಲ್ಲ ಬರೀ ಲೋಹ ಕಾಣುವವರೆಗೆ ಕಳೆದಳು. ಇದ್ದದ್ದು ಎರಡೂವರೆ ದಿನ. ತಮ್ಮ ಹಿಂದೆಯೇ ಬಂದು ಕಿಟಕಿಯ ಪಕ್ಕ ನಿಂತ.

"ಬಣ್ಣ ಮುಟ್ಟಲ್ಲ ಅಕ್ಕಾ. ಬೊಂಬೆ ಹಿಡ್ಕೊಂಡು ಕೂರ್ತೀನಿ, ಅಷ್ಟೇ. ಇಲ್ಲಾಂದ್ರೆ ಕೈ ಊರಕ್ಕೆ ಮರದ್ದೊಂದು ಆಸರೆ ಮಾಡಿಕೊಡ್ತೀನಿ. ಅಂಗಡೀಲಿ ನಾನು ಇಟ್ಕೊಂಡಿದ್ನಲ್ಲ, ಅಂಥದ್ದು."

ಅವಳು ಒಬ್ಬ ಭಟನನ್ನು ಎಡಗೈಯಲ್ಲಿ ಎತ್ತಿಕೊಂಡಳು, ಬಲಗೈಯಲ್ಲಿ ಕುಂಚ.

"ಬೇಡಪ್ಪ. ನೀನು ಹಿಡ್ಕೊಂಡ್ರೆ ಬೊಂಬೆ ಅಲ್ಲಾಡಲ್ಲ, ನನ್ನ ಕೈ ಅಲ್ಲಾಡುತ್ತೆ, ಇಬ್ಬರ ಜಗಳ ಗುರಾಣಿ ಮೇಲೆ ಬೀಳುತ್ತೆ. ಎರಡೂ ನನ್ನ ಕೈಯಲ್ಲೇ ಇದ್ರೆ ಎರಡೂ ಒಟ್ಟಿಗೆ ಅದುರ್ತವೆ, ಅದು ನಂಗೆ ರೂಢಿ. ಶನಿವಾರಕ್ಕೆ ಒಂಬತ್ತೂ ಆಗಲಿಲ್ಲ ಅಂದ್ರೆ ಮೂವತ್ತೊಂದನ್ನೇ ಕಳಿಸ್ತೀನಿ. ಆಸರೆಗೀಸರೆ ಏನೂ ಬೇಡ. ನೀನು ಆ ಕಡೆ ಹೋಗಿ ಕೂರು, ಬೆಳಕಿಗೆ ಅಡ್ಡ ನಿಂತಿದೀಯ."