ಮಂಜು ಎಂದು ಮಾರಿದ್ದು

“ದಿನಕ್ಕೆ ಎಷ್ಟು ಸಿಗರೇಟು ಎಳೀತೀರಿ?”

ಡಾಕ್ಟರು ಕೇಳಿದ್ದು ನನ್ನ ಗಂಡನನ್ನು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಗರೇಟು ಹಾಗಿರಲಿ, ಮದುವೆ ಊಟದ ನಂತರ ಕೊಡುವ ಬೀಡಾವನ್ನೂ ಜೇಬಿನಲ್ಲಿಟ್ಟು ತಂದು ನನಗೆ ಕೊಡುವ ಆಸಾಮಿ ಇವರು. (ಶರ್ಟಿನ ಕಲೆ ತೊಳೆಯುವವಳೂ ನಾನೇ, ಅದು ಬೇರೆ ಮಾತು.)

“ಇಲ್ರಿ ಸರ್, ಜೀವನದಾಗ ಮುಟ್ಟಿಲ್ಲ” ಎಂದರು. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ಕೆಮ್ಮು.

ಡಾಕ್ಟರು ನಮ್ಮ ಉಡುಪಿ ಕಡೆಯವರು. ಡೊಂಬಿವಿಲಿಯಲ್ಲಿ ಕ್ಲಿನಿಕ್ ಇಟ್ಟು ಬಹಳ ವರ್ಷಗಳಾದವು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಇವರ ಮುಖ ನೋಡಿದರು. “ಹಾಗಾದ್ರೆ ಇದು ಯಾರ ಎದೆ ಮಾರಾಯ್ರೆ? ವರ್ಷಗಟ್ಟಲೆ ಹೊಗೆ ಎಳೆದವನ ಹಾಗೆ ಉಂಟಲ್ಲ! ನೀವು ಬೆಳಿಗ್ಗೆ ಬೆಳಿಗ್ಗೆ ಎಲ್ಲಿ ಹೋಗಿ ಕೂತ್ಕೊಳ್ಳುದು?”

ಇವರು ಡಾಕ್ಟರ ತಲೆಯ ಹಿಂದಿನ ಗೋಡೆಯತ್ತ ಬೆರಳು ತೋರಿಸಿದರು.

ಅಲ್ಲಿ ಇವರೇ ಬರೆದ ಚಿತ್ರವೊಂದು ತೂಗುತ್ತಿತ್ತು. ಡಾಕ್ಟರೇ ಇಷ್ಟಪಟ್ಟು ಕೊಂಡದ್ದು. ಖಾಡಿಯ (ಸಮುದ್ರದ ಹಿನ್ನೀರಿಗೆ ಇಲ್ಲಿಯ ಹೆಸರು) ನೀರು, ಒಂದು ದೋಣಿ, ದೂರದಲ್ಲಿ ಇದೆಯೋ ಇಲ್ಲವೋ ಎನ್ನುವ ಹಾಗೆ ಮುಂಬ್ರಾ ಬೆಟ್ಟ. ಮಿಕ್ಕಿದ್ದೆಲ್ಲ ಬೂದು ಬಣ್ಣ. ಕೆಳಗೆ ಚಿಕ್ಕ ಪಟ್ಟಿಯಲ್ಲಿ ಹೆಸರು: ‘ಚಳಿಗಾಲದ ಮಂಜು’.

ಡಾಕ್ಟರು ಕುರ್ಚಿ ತಿರುಗಿಸಿ ತುಂಬಾ ಹೊತ್ತು ಅದನ್ನೇ ನೋಡಿದರು. “ನೀವು ಇದರ ಒಳಗೆ ಕೂತದ್ದಾ?” ಎಂದರು. ಆಮೇಲೆ ಮೆಲ್ಲಗೆ, “ನಾನು ಸಹ ಇದನ್ನು ಮಂಜು ಅಂತಲೇ ತಕ್ಕೊಂಡದ್ದು” ಎಂದರು.

ಈ ಅಂಕಣ ಓದುವವರಿಗೆ ನಮ್ಮವರು ಹೊಸಬರೇನಲ್ಲ. ವಿಜಯಪುರದವರು. ಲ್ಯಾಂಡ್‌ಸ್ಕೇಪ್ ಪೇಂಟರ್. ಜಲವರ್ಣವೇ ಅವರ ಅನ್ನ, ಅವರ ಹಟ. ನಾನು ವಾಶಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ತರುತ್ತೇನೆ, ಅವರು ಖಾಡಿಯ ಮುಂದೆ ಕೂತು ಆಕಾಶ ತರುತ್ತಾರೆ. ಸಂಸಾರ ನಡೆದಿದೆ.

ಇಂಥವರಿಗೆ ಚಳಿಗಾಲವೆಂದರೆ ಸುಗ್ಗಿ. ಮಳೆಗಾಲದಲ್ಲಿ ಹೊರಗೆ ಕಾಗದ ಬಿಚ್ಚುವ ಹಾಗಿಲ್ಲ. ಬೇಸಿಗೆಯಲ್ಲಿ ಕುಂಚ ಎತ್ತುವುದರೊಳಗೆ ಬಣ್ಣ ಒಣಗಿ ಕೂತಿರುತ್ತದೆ. ಕಾಗದ ಬೇಕಾದಷ್ಟು ಹೊತ್ತು ಒದ್ದೆಯಾಗಿದ್ದು, ಒಂದು ಬಣ್ಣ ಇನ್ನೊಂದರೊಳಗೆ ಸದ್ದಿಲ್ಲದೆ ಕರಗುವುದು ಡಿಸೆಂಬರ್, ಜನವರಿಯಲ್ಲಿ ಮಾತ್ರ. ಡೊಂಬಿವಿಲಿಯ ಚಳಿ ಎಂದರೆ ಊರಿನವರು ನಗುತ್ತಾರೆ, ನಗಲಿ. ಆ ಒಂದು ಸ್ವೆಟರಿನ ಚಳಿಯಲ್ಲಿ ಬರೆದ ಚಿತ್ರಗಳೇ ನಮಗೆ ವರ್ಷವಿಡೀ ಬೇಕು.

ಮೊದಮೊದಲು ಅದು ಮಂಜೇ ಇದ್ದಿರಬಹುದು. ಯಾವ ವರ್ಷದಿಂದ ಹೊಗೆಯಾಯಿತು? ಬಿಸಿಲೇರಿದರೆ ಕರಗಬೇಕಾದ ಮಂಜು ಮಧ್ಯಾಹ್ನದ ಹತ್ತಿರಕ್ಕೆ ಬಂದರೂ ಕದಲುತ್ತಿಲ್ಲ ಎಂದಾಗಲೇ ತಿಳಿಯಬೇಕಿತ್ತು. ಇವರಿಗೋ, ಖುಷಿ! “ಈ ಸಲ ಭಾಳ ಹೊತ್ತು ನಿಲ್ಲಾಕತ್ತೈತಿ ನೋಡು, ಎರಡು ಚಿತ್ರ ಆಗ್ತಾವು” ಎಂದು ಬಂದು ಹೇಳಿದ್ದರು. ನಾನೂ ಖುಷಿಪಟ್ಟಿದ್ದೆ. ಒಣಗಿದ ಚಿತ್ರದ ಮೇಲೆ ಕೈಯಾಡಿಸಿದರೆ ಸಣ್ಣ ಕಪ್ಪು ಪುಡಿ ಹತ್ತುತ್ತಿತ್ತು. ಅದನ್ನವರು ‘ಫೂ’ ಎಂದು ಊದಿಬಿಡುತ್ತಿದ್ದರು. ಊದುವ ಮೊದಲು ಉಸಿರು ಒಳಗೆಳೆದುಕೊಳ್ಳಬೇಕಲ್ಲ? ಅದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆಯುವುದಾದರೂ ಹೇಗೆ? ಬೆಳಗಿನ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಕೆಮ್ಮಿದರೆ ಇನ್ನೊಬ್ಬಳು ಪರ್ಸಿನಿಂದ ಗೋಲಿ ತೆಗೆದು ಕೊಡುತ್ತಾಳೆ. “ವೆದರ್ ಚೇಂಜ್ ಹೈ ನಾ” ಎನ್ನುತ್ತಾಳೆ. ಎಲ್ಲರೂ ತಲೆಯಾಡಿಸುತ್ತೇವೆ. ನವೆಂಬರಿನಿಂದ ಫೆಬ್ರವರಿವರೆಗೆ ಬರೀ ಚೇಂಜೇ ಆದರೆ ವೆದರ್ ಯಾವಾಗ ಸ್ವಾಮಿ? ಯಾರೂ ಕೇಳುವುದಿಲ್ಲ. ಥಾಣೆ ಸ್ಟೇಷನ್ ಬಂತೆಂದು ಗಾಡಿ ಬದಲಿಸಲು ಇಳಿಯುತ್ತೇವೆ.

ಡಾಕ್ಟರು ಔಷಧಿ ಬರೆದರು. “ಫೆಬ್ರವರಿ ಮುಗಿಯುವವರೆಗೆ ಬೆಳಿಗ್ಗೆ ಹೊರಗೆ ಕೂರ್ಲಿಕ್ಕೇ ಇಲ್ಲ. ಮುಂದಿನ ವರ್ಷವೂ ಇಲ್ಲ. ಈಗ ನಿಲ್ಲಿಸಿದ್ರೆ ಇದ್ದಷ್ಟು ಉಳೀತದೆ. ಹೋದದ್ದು ಬರುದಿಲ್ಲ” ಎಂದರು. ಪೇಂಟರ್‌ಗೆ ಚಳಿಗಾಲ ಬೇಡ ಎಂದರೆ ಏನರ್ಥ? ರೈಲು ಓಡಿಸುವವನಿಗೆ ಹಳಿ ಬೇಡ ಎಂದ ಹಾಗೆ. ಇವರು ‘ಆತ್ರಿ’ ಎಂದು ಎದ್ದರು. ಹೊರಡುವಾಗ ಗೋಡೆಯ ಕಡೆ ನೋಡಲಿಲ್ಲ.

ಕಷ್ಟವೇನೆಂದರೆ, ದೀಪಾವಳಿಯ ಹೊತ್ತಿಗೇ ಒಂದು ದೊಡ್ಡ ಕೆಲಸ ಒಪ್ಪಿಕೊಂಡಾಗಿತ್ತು. ಥಾಣೆಯಲ್ಲಿ ಎದ್ದಿರುವ ಹೊಸ ಟವರೊಂದರ ಲಾಬಿಗೆ ಸಾಲು ಚಿತ್ರಗಳು. ಇವರ ಬದುಕಿನಲ್ಲೇ ಇಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ತಂದವಳು ಇಂಟೀರಿಯರ್ ಡಿಸೈನರ್ ಹುಡುಗಿ. ಅಪ್ಪ ಅಮ್ಮ ಕನ್ನಡದವರೇ, ಇವಳು ಹುಟ್ಟಿ ಬೆಳೆದದ್ದು ಇಲ್ಲೇ ನೆರುಲ್‌ನಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. “ಆಂಟಿ, ಸಬ್ ಮಿಸ್ಟ್‌ವಾಲಾ ಚಾಹಿಯೇ. ಏಕ್‌ದಮ್ ಹಿಲ್ ಸ್ಟೇಷನ್ ಫೀಲ್!” ಎಂದಿದ್ದಳು, ಎಲ್ಲದರಲ್ಲೂ ಮಂಜು ಬೇಕಂತೆ. ಒಳ್ಳೆಯ ಹುಡುಗಿ. ಬಂದಾಗಲೆಲ್ಲ ನನ್ನ ಕೈಯ ನೀರ್‌ದೋಸೆ ಕೇಳಿ ತಿನ್ನುತ್ತಾಳೆ.

ನಮ್ಮವರು ಮನೆಯೊಳಗೇ ಬರೆಯಲು ಕೂತರು. ನಮ್ಮ ಕಿಟಕಿಯಿಂದ ಕಾಣುವುದು ಪಕ್ಕದ ಬಿಲ್ಡಿಂಗಿನ ಪೈಪುಗಳು ಮತ್ತು ಯಾರದೋ ಒಣಗಿದ ಟವೆಲು. ನಾನು ಮೊಬೈಲಿನಲ್ಲಿದ್ದ ಹಳೆಯ ಫೋಟೋಗಳನ್ನು ತೆಗೆದುಕೊಟ್ಟೆ. ನೋಡಿ ನೋಡಿ ಬರೆದರು, ಹರಿದರು, ಮತ್ತೆ ಬರೆದರು. “ಫೋಟೋದಾಗ ಗಾಳಿ ಇರಂಗಿಲ್ಲ ಸುಮಾ” ಎಂದರು. ಗಾಳಿ! ನನಗೆ ಮೈಯೆಲ್ಲ ಉರಿಯಿತು. ಗಾಳಿ ಇಲ್ಲದಿರುವುದೇ ಒಳ್ಳೆಯದು ಎಂದು ಕೂಗಾಡಿಬಿಟ್ಟೆ. ಅವರು ಕುಂಚ ತೊಳೆದಿಟ್ಟರು.

ಒಂದು ಭಾನುವಾರ ಬೆಳಿಗ್ಗೆ ಎದ್ದರೆ ಮಂಚ ಖಾಲಿ. ಬಾಗಿಲ ಹಿಂದೆ ತೂಗುವ ಬಣ್ಣ, ಕುಂಚದ ಬ್ಯಾಗೂ ಇಲ್ಲ.

ಎಲ್ಲಿಗೆ ಹೋಗಿರುತ್ತಾರೆಂದು ಪೊಲೀಸರನ್ನು ಕೇಳಬೇಕೆ? ರಿಕ್ಷಾ ಹಿಡಿದು ಸ್ಟೇಷನ್ನಿನ ವೆಸ್ಟ್ ಕಡೆಯ ರೇತಿ ಬಂದರಿಗೆ, ಮರಳಿನ ದೋಣಿಗಳ ಹಳೆಯ ಕಟ್ಟೆಗೆ, ಹೋದೆ. ಖಾಡಿಯ ದಡದಲ್ಲಿ ಕಟ್ಟಡವೊಂದು ಏಳುತ್ತಿದೆ. ಅದರ ವಾಚ್‌ಮನ್ ಕಲಬುರಗಿಯವನು. ಕಟ್ಟಿಗೆ ಚೂರು, ಸಿಮೆಂಟಿನ ಖಾಲಿ ಪ್ಲಾಸ್ಟಿಕ್ ಚೀಲ ಸೇರಿಸಿ ಬೆಂಕಿ ಹಾಕಿಕೊಂಡು ಕೈ ಕಾಯಿಸುತ್ತಿದ್ದ. ಅವನು ಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನ್ನ ಗಂಡ ಕೂತಿದ್ದರು. ಬೆಂಕಿಯ ಹೊಗೆ ನೆಟ್ಟಗೆ ಅವರ ಕಡೆಗೇ ಹೋಗುತ್ತಿತ್ತು.

“ಇಲ್ಲಿ ಪ್ಲಾಸ್ಟಿಕ್ ಸುಡ್ತೀಯಲ್ಲಪ್ಪ!” ಎಂದು ರೇಗಿದೆ.

“ಥಂಡಿ ಭಾಳ ಅದರಿ ಅಕ್ಕೋರೇ” ಎಂದ. ಮೈಮೇಲೆ ಬರೀ ಯೂನಿಫಾರ್ಮ್ ಶರ್ಟು. ಅವನೂ ಕೆಮ್ಮುತ್ತಿದ್ದ. ಮುಂದೆ ಏನೆಂದು ಬೈಯಲಿ?

ಇವರ ಮಾಸ್ಕು ಗಲ್ಲದ ಕೆಳಗಿತ್ತು. “ಹಾಕ್ಕೊಂಡ್ರ ಚಸ್ಮಾ ಮಸುಕಾಗತೈತಿ. ಬಣ್ಣ ಕಾಣಂಗಿಲ್ಲ” ಎಂದರು, ತಲೆಯೆತ್ತದೆ.

“ಏಳಿ ಮೇಲೆ. ಮನೆಗೆ ಹೋಗುವ.”

“ಹಾಳಿ ಹಸಿ ಐತಿ. ಒಣಗೂತನಕ ನಿಂದ್ರು.”

ಕೈ ಹಿಡಿದು ಎಬ್ಬಿಸಬೇಕೆಂದೇ ಹತ್ತಿರ ಹೋದವಳು ನಾನು. ಹೋದವಳು ಎದುರಿಗೆ ನೋಡಿದೆ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗಿದೆಯೋ ಗೊತ್ತಾಗುತ್ತಿರಲಿಲ್ಲ. ಬೆಟ್ಟ ಇರಲೇ ಇಲ್ಲ. ಖಾಡಿಗೆ ಕಟ್ಟಿದ ಹೊಸ ಸೇತುವೆ ಅರ್ಧಕ್ಕೇ ಕರಗಿಹೋಗಿತ್ತು. ಕಸ ಸುಟ್ಟದ್ದು, ಕಾರ್ಖಾನೆಯದ್ದು, ಕಟ್ಟಡದ ಧೂಳು, ಲಾರಿಗಳದ್ದು, ಈ ವಾಚ್‌ಮನ್‌ನ ಚೀಲದ್ದು, ಎಲ್ಲ ಸೇರಿದ ಆ ಬೂದಿಯ ನಡುವೆ ಸೂರ್ಯ ಕಿತ್ತಳೆ ಬಣ್ಣದಲ್ಲಿ ನಿಂತಿದ್ದ. ಹೇಳಲು ನಾಚಿಕೆಯಾಗುತ್ತದೆ, ಚಂದವಿತ್ತು. ತುಂಬಾ ಚಂದವಿತ್ತು. ನನಗೆ ಭಯವಾಗಿ ಅಳು ಬಂತು.

ಕಾಗದದ ಮೇಲೂ ಅದು ಹಾಗೇ ಇಳಿಯುತ್ತಿತ್ತು. ವಾರಗಳಿಂದ ಸತ್ತಂತಿದ್ದ ಕೈ ಆಡುತ್ತಿತ್ತು. ಆ ಮುಖದಲ್ಲಿ ಅಷ್ಟು ನೆಮ್ಮದಿ ನೋಡಿ ಎಷ್ಟು ದಿನವಾಗಿತ್ತು! ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಪಕ್ಕದಲ್ಲಿ ನಿಂತೆ. ಒಣಗುವ ತನಕ ನಿಂತೆ.

ಆಮೇಲೆಯೂ ಅವರು ಹೋದರು. ಒಂದೊಂದು ಚಿತ್ರವಾದಾಗಲೂ ‘ಇದೇ ಕೊನೀದು’ ಎಂದರು. ನಾನು ಬೈದೆ, ಅತ್ತೆ, ಕೊನೆಗೆ ಬಿಸಿನೀರಿನ ಫ್ಲಾಸ್ಕು ತುಂಬಿಸಿಕೊಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ಡಾಕ್ಟರೂ ಕೇಳಲಿಲ್ಲ, ಔಷಧಿಯನ್ನು ಹಬೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಬರೆದುಕೊಟ್ಟರು. ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಗೋಡೆಯ ಮೇಲೆ ಚಿತ್ರವಿರಲಿಲ್ಲ, ಅಲ್ಲೊಂದು ಕ್ಯಾಲೆಂಡರ್ ಇತ್ತು.

ಮೊನ್ನೆ ಮೊದಲ ಕಂತಿನ ಚಿತ್ರಗಳು ಥಾಣೆಯ ಟವರಿಗೆ ಹೋದವು. ನಿನ್ನೆ ಸಂಜೆ ಆ ಹುಡುಗಿಯ ಫೋನು. ಎಲ್ಲರಿಗೂ ಸಿಕ್ಕಾಪಟ್ಟೆ ಇಷ್ಟವಾಗಿದೆಯಂತೆ. ಆದರೆ ಬಿಲ್ಡರ್ ಸಾಹೇಬರದ್ದು ಸಣ್ಣ ಬೇಡಿಕೆ ಇದೆಯಂತೆ. “ಆಂಟಿ, ಅಂಕಲ್ ಕೋ ಪೂಛೋ ನಾ, ನೆಕ್ಸ್ಟ್‌ವಾಲೇ ಮೇಂ ಥೋಡಾ ಔರ್ ಮಿಸ್ಟ್ ಡಾಲೇಂಗೇ ಕ್ಯಾ?”

ಇನ್ನೂ ಸ್ವಲ್ಪ ಮಂಜು.

‘ಕೇಳಿ ಹೇಳ್ತೇನೆ’ ಎಂದು ಫೋನ್ ಇಟ್ಟೆ. ನಮ್ಮವರು ಮಂಚದ ತುದಿಯಲ್ಲಿ ಕೂತು ಮುಖಕ್ಕೆ ನೆಬ್ಯುಲೈಸರ್ ಹಿಡಿದುಕೊಂಡಿದ್ದರು. ಮಾತಾಡುವ ಹಾಗಿರಲಿಲ್ಲ. ಏನಂತೆ ಎಂದು ಹುಬ್ಬಿನಲ್ಲೇ ಕೇಳಿದರು.

ನೀವೇ ಹೇಳಿ, ಈ ಮನುಷ್ಯನಿಗೆ ನಾನು ಏನೆಂದು ಹೇಳಲಿ?